ವಿಕ್ರಮ್ ಕಾಣದ ಪೋಸ್ಟರ್

ಇದು ನಮ್ಮ ಅಂಗಳ. ಬದಿಯಡ್ಕದಿಂದ ಸ್ವಲ್ಪ ಒಳಗೆ. ಅಡಿಕೆ ಒಣಗಲಿಕ್ಕೆ ಹಾಕಿದ್ದೇವೆ. ಅಡಿಕೆಯ ಅಡಿಯಲ್ಲಿ ಒಂದು ಫ್ಲೆಕ್ಸ್ ಹಾಸಿದ್ದು ಕಾಣ್ತದಲ್ಲ, ನಿಲ್ಲಿ, ಝೂಮ್ ಮಾಡ್ತೇನೆ. "ಚಂದ್ರನಂಗಳಕ್ಕೆ ಇಳಿದ ವಿಕ್ರಮ". ಅದು ನನ್ನದೇ ಡಿಸೈನ್. 2019ರ ಸೆಪ್ಟೆಂಬರ್ 6ರ ಸಂಜೆ ಪ್ರಿಂಟ್ ಆದದ್ದು. ಚಂದ್ರಯಾನ-2ರ ಲ್ಯಾಂಡರ್ ವಿಕ್ರಮ್ ಚಂದ್ರನಲ್ಲಿ ಇಳಿಯಬೇಕಾದ್ದು ಆ ರಾತ್ರಿ ಕಳೆದು, 7ರ ಬೆಳಗಿನ ಜಾವಕ್ಕೂ ಮೊದಲು. ಅಂದರೆ ಇಸ್ರೋಗಿಂತ ಏಳೆಂಟು ಗಂಟೆ ಮೊದಲೇ ನಾನು ಇಳಿಸಿ ಆಗಿತ್ತು!

ನನ್ನ ಕಸುಬೇ ಹಾಗೆ ಮಾರಾಯ್ರೆ. ಬಯಲಾಟ, ಕೋಲ, ಗೃಹಪ್ರವೇಶ, ಎಲ್ಲದರ ಫ್ಲೆಕ್ಸೂ ನಡೆಯುವ ಮೊದಲೇ ಕಟ್ಟಬೇಕು. ಮಳೆ ಬಂದು ಆಟ ನಿಂತರೂ ಫ್ಲೆಕ್ಸಿನಲ್ಲಿ ಅದು ವಿಜೃಂಭಣೆಯಿಂದ ಜರಗಿಯೇ ಜರಗುತ್ತದೆ.

ಆ ರಾತ್ರಿ ನಮ್ಮೂರಿನ ವಾಚನಾಲಯದಲ್ಲಿ ಪ್ರೊಜೆಕ್ಟರ್ ಹಾಕಿದ್ದೆವು. ಮಕ್ಕಳು ಚಾಪೆಯಲ್ಲಿ, ದೊಡ್ಡವರು ಬೆಂಚಿನಲ್ಲಿ. ಫ್ಲೆಕ್ಸ್ ಸುರುಳಿ ಸುತ್ತಿ ಮೂಲೆಗೆ ಒರಗಿಸಿಟ್ಟಿದ್ದೆ, ಇಳಿದ ಕೂಡಲೇ ಬಿಡಿಸುವುದು ಅಂತ. ಪರದೆಯಲ್ಲಿ ವಿಕ್ರಮ್ ಇಳಿಯುವ ದಾರಿ ತೋರಿಸುವ ಗೆರೆ ಕೆಳಗೆ ಬರ್ತಾ ಬರ್ತಾ ನಿಂತಿತು. ಆಮೇಲೆ ಆಗಿನ ಇಸ್ರೋ ಅಧ್ಯಕ್ಷ ಶಿವನ್ ಮೈಕ್ ಹಿಡಿದು, 2.1 ಕಿಲೋಮೀಟರ್ ಎತ್ತರದವರೆಗೆ ಎಲ್ಲ ಸರಿ ಇತ್ತು, ಮತ್ತೆ ಸಂಪರ್ಕ ತಪ್ಪಿತು ಅಂದರು. ಫ್ಲೆಕ್ಸಿನ ಮೂಲೆ ಕಡೆ ಯಾರೂ ನೋಡಲಿಲ್ಲ. ನೋಡಬಾರದು ಅಂತಲೇ ನೋಡಲಿಲ್ಲವೋ ಏನೋ. ಬೆಳಗ್ಗೆ ನಾನೇ ಸ್ಕೂಟರಿನಲ್ಲಿ ಮನೆಗೆ ತಂದೆ. ಮೊದಲು ಕಟ್ಟಿಗೆಯ ಮೇಲೆ ಮುಚ್ಚಿದರು, ಈಗ ಅಡಿಕೆಯ ಅಡಿಗೆ ಬಂದಿದೆ.

ಈಗ ಅದೇ ವಾಚನಾಲಯದವರು ಮಕ್ಕಳಿಗೆ ಮೂರು ಪೋಸ್ಟರ್ ಕೇಳಿದ್ದಾರೆ. ಚಂದ್ರಯಾನ ಒಂದು, ಎರಡು, ಮೂರು. ಒಂದು ಮತ್ತು ಮೂರು ಒಂದೇ ಸಂಜೆಯಲ್ಲಿ ಮುಗಿಯಿತು. ಎರಡರ ಹತ್ತಿರ ಬಂದು ಕೈ ಕಟ್ಟಿತು. ಎಂತ ಬಿಡಿಸುವುದು?

ಹಳೆಯದನ್ನು ನೋಡಿದರೆ ನನಗೇ ನಾಚಿಕೆ. ವಿಕ್ರಮ್ ನಾಲ್ಕು ಕಾಲೂರಿ ನಿಂತಿದೆ, ಜಾರುಹಲಗೆಯಿಂದ ಅದರೊಳಗಿನ ಪುಟ್ಟ ಗಾಡಿ ಪ್ರಜ್ಞಾನ್ ಇಳಿಯುತ್ತಾ ಉಂಟು, ನೆತ್ತಿಯ ಮೇಲೆ ತೆಂಗಿನಕಾಯಿಯಷ್ಟು ದೊಡ್ಡ ನೀಲಿ ಭೂಮಿ. ಆ ಜಾಗ ಚಂದ್ರನ ದಕ್ಷಿಣಕ್ಕೆ ಸುಮಾರು 70 ಡಿಗ್ರಿಯಲ್ಲಿ. ಅಲ್ಲಿಂದ ಭೂಮಿ ಕಾಣುವುದು ನೆತ್ತಿಯಲ್ಲಲ್ಲ, ದಿಗಂತದಿಂದ ಸ್ವಲ್ಪವೇ ಮೇಲೆ. ಅಂದರೆ ವಿಕ್ರಮ್ ಸುಖವಾಗಿ ಇಳಿದಿದ್ದರೂ ನನ್ನ ಪೋಸ್ಟರ್ ಸುಳ್ಳೇ.

ಆದದ್ದೇನು ಅಂತ ಓದಿದೆ. 30 ಕಿಲೋಮೀಟರ್ ಎತ್ತರದಲ್ಲಿ ಸೆಕೆಂಡಿಗೆ 1683 ಮೀಟರ್ ವೇಗ. 7.4 ಕಿಲೋಮೀಟರಿಗೆ ಬರುವಾಗ ಅದು 146ಕ್ಕೆ ಇಳಿದಿತ್ತು. ವೇಗ ತಗ್ಗಿಸುವ ಐದು ಎಂಜಿನ್‌ಗಳು ಲೆಕ್ಕಕ್ಕಿಂತ ಸ್ವಲ್ಪ ಹೆಚ್ಚೇ ಒತ್ತಿದವು ಅಂತ ಶಿವನ್ ನಂತರ ಇಸ್ರೋ ಅಧ್ಯಕ್ಷರಾದ ಸೋಮನಾಥ್ ವಿವರಿಸಿದ್ದಾರೆ. ತಪ್ಪು ಕೂಡ್ತಾ ಹೋಯಿತು. ಸರಿಮಾಡಲಿಕ್ಕೆ ಜೋರಾಗಿ ತಿರುಗಬೇಕಿತ್ತು, ಆದರೆ ಇಷ್ಟಕ್ಕಿಂತ ಬೇಗ ತಿರುಗಬಾರದು ಅಂತ ಮೊದಲೇ ಕಟ್ಟು ಹಾಕಿದ್ದರು. ಇಳಿಯುವ ಜಾಗವೋ, ಬರೀ 500 ಮೀಟರಿಗೆ 500 ಮೀಟರ್. ಘಾಟಿ ಇಳಿಯುವಾಗ ಬ್ರೇಕ್ ಜಾಸ್ತಿ ಹಿಡಿದು, ಹ್ಯಾಂಡಲ್ ಬೇಕಾದಷ್ಟು ತಿರುಗದೆ, ಆದರೂ ಅದೇ ಅಂಗಡಿಯ ಎದುರೇ ನಿಲ್ಲಿಸಬೇಕು ಅಂದರೆ ಹೇಗೆ? ಚಂದ್ರಯಾನ-3ಕ್ಕೆ ಆ ಜಾಗವನ್ನು 4 ಕಿಲೋಮೀಟರಿಗೆ 2.4 ಕಿಲೋಮೀಟರ್ ಮಾಡಿದರು, ಐದನೇ ಎಂಜಿನ್ ತೆಗೆದರು.

ಇದನ್ನೆಲ್ಲ ಬರೆದರೆ ಪಾಠ ಆಗ್ತದೆ, ಪೋಸ್ಟರ್ ಆಗುವುದಿಲ್ಲ. ಬೆಂಕಿ, ಹೊಗೆ, ಮುರಿದ ಕಾಲು ಹಾಕಿ ಒಂದು ನೋಡಿದೆ. ಸಿನಿಮಾ ಆಯಿತು. ಚಂದ್ರನಲ್ಲಿ ಗಾಳಿಯೇ ಇಲ್ಲ, ಹೊಗೆ ಸುರುಳಿ ಸುತ್ತುವುದೆಲ್ಲಿ? ಅಳಿಸಿದೆ.

ಕೊನೆಗೆ ಸಿಕ್ಕಿದ್ದು ನಾಸಾದ ಚಿತ್ರ. ಚಂದ್ರನ ಸುತ್ತ ತಿರುಗುವ ಅವರ ಎಲ್‌ಆರ್‌ಒ ನೌಕೆ ಮೇಲಿನಿಂದ ತೆಗೆದದ್ದು. ನೋಡಿ, ಬರೀ ಬೂದು ನೆಲ. ಅಪ್ಪಳಿಸಿ ಒಡೆದ ವಿಕ್ರಮ್‌ನ ಅವಶೇಷ ಇದ್ದಲ್ಲಿ ಹಸಿರು ಚುಕ್ಕೆ, ಮಣ್ಣು ಕದಡಿದಲ್ಲಿ ನೀಲಿ ಚುಕ್ಕೆ. ಒಂದು ಕಡೆ ಇಂಗ್ಲಿಷಿನ 'ಎಸ್' ಅಕ್ಷರ. ಅದು ಷಣ್ಮುಗ ಸುಬ್ರಮಣಿಯನ್ ಅವರ 'ಎಸ್'. ಚೆನ್ನೈಯ ಎಂಜಿನಿಯರ್, ನಾಸಾದವರೂ ಅಲ್ಲ, ಇಸ್ರೋದವರೂ ಅಲ್ಲ. ಹಳೆಯ ಚಿತ್ರ, ಹೊಸ ಚಿತ್ರ ಅಕ್ಕಪಕ್ಕ ಇಟ್ಟು ಹುಡುಕಿ, ಮೊದಲ ತುಂಡನ್ನು ಗುರುತಿಸಿದವರು. ಮುಖ್ಯ ಜಾಗದಿಂದ ಸುಮಾರು 750 ಮೀಟರ್ ವಾಯವ್ಯಕ್ಕೆ ಒಂದೇ ಒಂದು ಬೆಳ್ಳನೆಯ ಪಿಕ್ಸೆಲ್. ನಾನು ದಿನಕ್ಕೆ ನೂರು ಸಲ ಪಿಕ್ಸೆಲ್ ಒಡೆದದ್ದಕ್ಕೆ ಗಿರಾಕಿಗಳಿಂದ ಬೈಸಿಕೊಳ್ಳುವವ. ಅವರು ಒಂದು ಪಿಕ್ಸೆಲನ್ನು ನಂಬಿ ನಾಸಾಕ್ಕೇ ಕಾಗದ ಬರೆದರು! ಅತಿ ಸ್ಪಷ್ಟ ಚಿತ್ರದಲ್ಲೂ ಒಂದು ಪಿಕ್ಸೆಲ್ ಅಂದರೆ 0.7 ಮೀಟರ್. ಎರಡೂವರೆ ಮೀಟರಿನ ವಿಕ್ರಮ್ ಇಡೀ ಉಳಿದಿದ್ದರೂ ನಾಲ್ಕು ಪಿಕ್ಸೆಲ್ ದಾಟುತ್ತಿರಲಿಲ್ಲ.

ಹಾಗೆ ಈ ಪೋಸ್ಟರ್ ಆಯಿತು. ಕಂಪ್ಯೂಟರಿನಲ್ಲಿ ಮಾಡಲಿಲ್ಲ, ಕೈಯಲ್ಲೇ. ಬೂದು ಬಣ್ಣ ಬಳಿದು, ಯಕ್ಷಗಾನದ ಚೌಕಿಯಲ್ಲಿ ಬಣ್ಣದ ವೇಷಕ್ಕೆ ಚುಟ್ಟಿ ಇಡುವವರ ಹಾಗೆ ಉಸಿರು ಹಿಡಿದು ಒಂದೊಂದೇ ಚುಕ್ಕೆ. ಅಂದ ಹಾಗೆ, ಬ್ರಿಟನ್ನಿನವರು 2003ರಲ್ಲಿ ಮಂಗಳಕ್ಕೆ ಕಳಿಸಿದ ಬೀಗಲ್-2ರಲ್ಲಿ ಕ್ಯಾಮೆರಾದ ಬಣ್ಣ ಸರಿಹೊಂದಿಸಲಿಕ್ಕೆ ಡೇಮಿಯನ್ ಹರ್ಸ್ಟ್ ಎಂಬ ಕಲಾವಿದರ ಚುಕ್ಕೆ ಚಿತ್ರ ಇಟ್ಟಿದ್ದರು. ಅದೂ ಇಳಿದ ಮೇಲೆ ಮಾತಾಡಲಿಲ್ಲ. 2015ರಲ್ಲಿ ಪತ್ತೆಯಾಯಿತು, ಅದು ಕೂಡ ಮೇಲಿನಿಂದ ತೆಗೆದ ಚಿತ್ರದಲ್ಲಿ, ಒಂದು ಬೆಳ್ಳನೆಯ ಬೊಟ್ಟಾಗಿ.

ನಿನ್ನೆ ವಾಚನಾಲಯದಲ್ಲಿ ಮೂರನ್ನೂ ಗೋಡೆಗೆ ಹಾಕಿದೆವು. ಮಾಸ್ಟ್ರು ಕನ್ನಡಕ ಏರಿಸಿ ನಡುವಿನದ್ದರ ಎದುರು ಬಹಳ ಹೊತ್ತು ನಿಂತರು.

"ಇದರಲ್ಲಿ ವಿಕ್ರಮ್ ಎಲ್ಲಿ ಮಾರಾಯ?"

"ಅದನ್ನೇ ಹುಡುಕ್ಲಿಕ್ಕೆ ಕೊಟ್ಟದ್ದು ಮಾಸ್ಟ್ರೇ."

ಅವರಿಗೆ ಸಮಾಧಾನ ಆಗಲಿಲ್ಲ, ಮುಖ ನೋಡಿದರೇ ಗೊತ್ತಾಗ್ತದೆ. ಆದರೆ ಮಕ್ಕಳು ಒಂದು ಮತ್ತು ಮೂರನ್ನು ಬಿಟ್ಟು ಇದಕ್ಕೇ ಮೂಗು ತಾಗಿಸಿ ನಿಂತಿದ್ದರು. ಒಬ್ಬಳು ಬೆರಳಿಟ್ಟು ಎಣಿಸುತ್ತಾ ಹೋಗಿ, ನಾನು 'ಎಸ್' ಹಾಕಿದಲ್ಲಿ ಬಂದು ನಿಂತಳು.

ಹಳೆಯ ಫ್ಲೆಕ್ಸನ್ನೂ ಪಕ್ಕದಲ್ಲಿ ಹಾಕುವ ಅಂತ ನನಗೆ ಆಸೆ ಇತ್ತು. ಅಡಿಕೆಯ ಕಲೆ ಬಿದ್ದು ಈಗ ಅದರಲ್ಲಿ ಕುಳಿಗಳು ನಾನು ಬಿಡಿಸಿದ್ದಕ್ಕಿಂತ ಚೆನ್ನಾಗಿ ಮೂಡಿವೆ. ಅಮ್ಮನ ಹತ್ತಿರ ಕೇಳಿದೆ.

"ಕೊಂಡುಹೋಗು. ಆದ್ರೆ ಅಡಿಕೆ ಒಣಗಿದ ಮೇಲೆ."