ಎಸ್. ಎಫ್. ಸಾರೋ: ಬದುಕಿನ ಕೊನೆಯವರೆಗೂ ನಡೆದ ಒಂದು ಆಲ್ಬಮ್

ನಮಸ್ಕಾರ. ಇಂದಿನ ವ್ಲಾಗ್‌ನಲ್ಲಿ ನಾನು ಒಂದೇ ಒಂದು ಆಲ್ಬಮ್ಮಿನ ಬಗ್ಗೆ ಮಾತನಾಡಲಿದ್ದೇನೆ. ಇಂಗ್ಲೆಂಡಿನ ದಿ ಪ್ರೆಟಿ ಥಿಂಗ್ಸ್ ತಂಡ 1968ರ ಡಿಸೆಂಬರ್‌ನಲ್ಲಿ ಹೊರತಂದ ‘ಎಸ್. ಎಫ್. ಸಾರೋ’ ಅದು. ಒಬ್ಬ ಸಾಮಾನ್ಯ ಮನುಷ್ಯನ ಬದುಕನ್ನು ಹುಟ್ಟಿನಿಂದ ಮುಪ್ಪಿನವರೆಗೆ 13 ಹಾಡುಗಳಲ್ಲಿ ಹೇಳುವ ಈ ಆಲ್ಬಮ್ಮನ್ನು ರಾಕ್ ಒಪೆರಾ, ಅಂದರೆ ರಾಕ್ ಹಾಡುಗಳ ಸರಣಿಯಲ್ಲಿ ಒಂದೇ ಕಥೆ ಹೇಳುವ ಪ್ರಕಾರದ ಮೊದಮೊದಲ ಕೃತಿಗಳಲ್ಲಿ ಒಂದೆಂದು ಇಂದು ಗುರುತಿಸುತ್ತಾರೆ. ಆದರೆ ಬಿಡುಗಡೆಯಾದ ಕಾಲದಲ್ಲಿ ಅದನ್ನು ಕೊಂಡವರು ಕಡಿಮೆ. ಈಗಲೂ ಇದರ ಮಾತು ಬಂದಾಗಲೆಲ್ಲ ಇದು ಮೊದಲೋ, ದಿ ಹೂ ತಂಡದ ‘ಟಾಮಿ’ ಮೊದಲೋ ಎಂಬ ವಾದವೇ ಮುನ್ನೆಲೆಗೆ ಬರುತ್ತದೆ. ಆ ವಾದದ ಗದ್ದಲದಲ್ಲಿ ಹಾಡುಗಳು ಕೇಳಿಸದೆ ಹೋಗಿವೆ ಎಂಬ ಕೊರಗಿನಿಂದಲೇ ನಾನು ಇಂದು ಇದನ್ನು ಎತ್ತಿಕೊಂಡಿದ್ದೇನೆ.

ತಂಡದ ಬಗ್ಗೆ ಸ್ವಲ್ಪ ತಿಳಿದರೆ ಆಲ್ಬಮ್ಮಿನ ನಾದ ಎಲ್ಲಿಂದ ಬಂತೆಂಬುದು ಅರ್ಥವಾಗುತ್ತದೆ. ಗಿಟಾರ್ ವಾದಕ ಡಿಕ್ ಟೇಲರ್ 1962ರಲ್ಲಿ, ಆಗತಾನೆ ಕಣ್ಣು ಬಿಡುತ್ತಿದ್ದ ರೋಲಿಂಗ್ ಸ್ಟೋನ್ಸ್ ತಂಡದಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದವರು. ಅಲ್ಲಿಂದ ಹೊರಬಂದು, ಗಾಯಕ ಫಿಲ್ ಮೇ ಜೊತೆ ಸೇರಿ 1963ರಲ್ಲಿ ಪ್ರೆಟಿ ಥಿಂಗ್ಸ್ ಕಟ್ಟಿದರು. ಮೊದಲ ವರ್ಷಗಳಲ್ಲಿ ಅವರದು ಒರಟಾದ, ಬಿರುಸಾದ ರಿದಮ್ ಅಂಡ್ ಬ್ಲೂಸ್. 1967ರಲ್ಲಿ ಫೆನ್‌ಮೆನ್ ಎಂಬ ತಂಡದಿಂದ ಜಾನ್ ಪೋವಿ ಮತ್ತು ವಾಲಿ ವಾಲರ್ ಬಂದು ಸೇರಿದಾಗ ಆ ಒರಟುತನದ ಮೇಲೆ ಹೊಸದೊಂದು ಪದರ ಕೂಡಿತು. ಫೆನ್‌ಮೆನ್ ಹೆಸರಾಗಿದ್ದುದು ಹಲವು ಕಂಠಗಳು ಹದವಾಗಿ ಕೂಡಿ ಹಾಡುವ ಗಾಯನಕ್ಕೆ. ಈ ಆಲ್ಬಮ್ಮಿನ ಎರಡನೆಯ ಹಾಡು ಯಾವ ವಾದ್ಯದ ಆಸರೆಯೂ ಇಲ್ಲದೆ ಬರೀ ಕಂಠಗಳಿಂದ ತೆರೆದುಕೊಳ್ಳುವುದನ್ನು ಕೇಳಿದರೆ, ಆ ಇಬ್ಬರು ತಂದದ್ದು ಏನೆಂದು ಬೇರೆ ವಿವರಿಸಬೇಕಾಗಿಲ್ಲ.

ಧ್ವನಿಮುದ್ರಣ 1967ರ ಕೊನೆಯಲ್ಲಿ ಅಬ್ಬೆ ರೋಡ್ ಸ್ಟುಡಿಯೋದಲ್ಲಿ ಆರಂಭವಾಗಿ ಮುಂದಿನ ವರ್ಷದ ಬಹುಭಾಗವನ್ನು ತೆಗೆದುಕೊಂಡಿತು. ನಿರ್ಮಾಪಕರು ನಾರ್ಮನ್ ಸ್ಮಿತ್. ಬೀಟಲ್ಸ್ ತಂಡದ ಮೊದಲ ಆಲ್ಬಮ್ಮಿನಿಂದ 1965ರ ‘ರಬ್ಬರ್ ಸೋಲ್’ವರೆಗೆ ಧ್ವನಿಮುದ್ರಣದ ಎಂಜಿನಿಯರ್ ಆಗಿದ್ದವರು ಇವರೇ; ಪಿಂಕ್ ಫ್ಲಾಯ್ಡ್‌ನ ಮೊದಲ ಆಲ್ಬಮ್ಮನ್ನು ನಿರ್ಮಿಸಿದವರೂ ಇವರೇ. ಧ್ವನಿಮುದ್ರಣ ಸಂಸ್ಥೆ ಇಎಂಐ ಕೊಟ್ಟ ಹಣ ಅಲ್ಪವಾಗಿತ್ತು, ಇದ್ದದ್ದು ನಾಲ್ಕೇ ಧ್ವನಿಪದರಗಳನ್ನು ಬೇರೆ ಬೇರೆಯಾಗಿ ಹಿಡಿಯಬಲ್ಲ ನಾಲ್ಕು ಟ್ರ್ಯಾಕ್‌ಗಳ ಯಂತ್ರ. ನಾಲ್ಕು ಟ್ರ್ಯಾಕ್ ತುಂಬಿದ ಮೇಲೆ ಅವನ್ನು ಒಂದಕ್ಕೋ ಎರಡಕ್ಕೋ ಇಳಿಸಿ, ಖಾಲಿಯಾದ ಜಾಗದಲ್ಲಿ ಮತ್ತೆ ನುಡಿಸಬೇಕಾಗುತ್ತಿದ್ದ ಕಾಲ ಅದು; ಒಮ್ಮೆ ಇಳಿಸಿದ್ದನ್ನು ಬೇರ್ಪಡಿಸುವಂತಿರಲಿಲ್ಲ. ಈ ಕಟ್ಟುಪಾಡಿನಲ್ಲೇ ಮೆಲೊಟ್ರಾನ್ (ಟೇಪಿನಲ್ಲಿ ಹಿಡಿದಿಟ್ಟ ವಾದ್ಯಗಳ ನಾದವನ್ನು ಹೊರಡಿಸುವ ಕೀಬೋರ್ಡ್), ಸಿತಾರ್, ಕೊಳಲು, ತಾಳವಾದ್ಯಗಳ ಗುಂಪು, ಕಂಠಗಳ ಮೇಲೆ ಕಂಠಗಳು ಇಷ್ಟು ದಟ್ಟವಾಗಿ ಒಂದರ ಮೇಲೊಂದು ಕುಳಿತಿವೆ. ನಡುವೆ ಡ್ರಮ್ಮರ್ ಸ್ಕಿಪ್ ಅಲನ್ ತಂಡ ಬಿಟ್ಟುಹೋದಾಗ, ಟುಮಾರೋ ತಂಡದಲ್ಲಿದ್ದ ಟ್ವಿಂಕ್ ಬಂದು ಉಳಿದ ಕೆಲಸವನ್ನು ಮುಗಿಸಿಕೊಟ್ಟರು.

ಇನ್ನು ಕಥೆಗೆ ಬರೋಣ. ಫಿಲ್ ಮೇ ಬರೆದಿದ್ದ ಒಂದು ಸಣ್ಣಕಥೆಯೇ ಇದರ ಮೂಲ. ಹೊದಿಕೆಯ ಚಿತ್ರ ಬಿಡಿಸಿದವರೂ ಅವರೇ. ಈಗ ಪರದೆಯ ಮೇಲೆ ಕಾಣುತ್ತಿರುವುದು ಅದು. ಹೊದಿಕೆಯನ್ನು ತೆರೆದರೆ ಒಳಗೆ ಹಾಡುಗಳ ಸಾಹಿತ್ಯದ ಜೊತೆಗೆ, ಒಂದು ಹಾಡಿನಿಂದ ಇನ್ನೊಂದಕ್ಕೆ ಕಥೆಯನ್ನು ದಾಟಿಸುವ ಗದ್ಯದ ತುಣುಕುಗಳೂ ಇವೆ. ಹಾಡು ಆ ಗಳಿಗೆಯ ಭಾವವನ್ನು ಹಿಡಿದರೆ, ಗದ್ಯ ಕಾಲವನ್ನು ಮುಂದಕ್ಕೆ ಸರಿಸುತ್ತದೆ. ಚಂಪೂ ಕಾವ್ಯಗಳ ಪರಂಪರೆಯುಳ್ಳ ಕನ್ನಡದ ಓದುಗರಿಗೆ ಗದ್ಯ ಪದ್ಯಗಳ ಈ ಹೆಣಿಗೆ ಹೊಸದೆನಿಸುವುದಿಲ್ಲ. ಗದ್ಯವನ್ನು ಬಿಟ್ಟು ಬರೀ ಹಾಡು ಕೇಳಿದವರಿಗೆ ಮಾತ್ರ ಕಥೆಯ ಕೊಂಡಿಗಳು ಅಲ್ಲಲ್ಲಿ ಕಳಚಿದಂತೆ ತೋರುತ್ತವೆ. ಇಂದು ಹೆಚ್ಚಿನವರು ಫೋನಿನಲ್ಲಿ ಹಾಡನ್ನಷ್ಟೇ ಕೇಳುತ್ತೇವಾದ್ದರಿಂದ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ.

ಸೆಬಾಸ್ಟಿಯನ್ ಎಫ್. ಸಾರೋ ಕಾರ್ಖಾನೆಯೊಂದನ್ನೇ ನಂಬಿಕೊಂಡ ಸಣ್ಣ ಊರಿನಲ್ಲಿ ಹುಟ್ಟುತ್ತಾನೆ, ಹರೆಯದಲ್ಲೇ ದುಡಿಮೆಗೆ ಇಳಿಯುತ್ತಾನೆ, ನೆರೆಮನೆಯ ಹುಡುಗಿಯನ್ನು ಪ್ರೀತಿಸುತ್ತಾನೆ. ಮದುವೆಗೆ ಮೊದಲೇ ಮೊದಲನೆಯ ಮಹಾಯುದ್ಧ ಅವನನ್ನು ಕರೆದೊಯ್ಯುತ್ತದೆ. ಯುದ್ಧದ ಹಾಡು ಕವಾಯತಿನ ನಡಿಗೆಯ ಡ್ರಮ್ಮಿನೊಡನೆ ಹಗುರವಾಗಿ ಸಾಗುತ್ತ, ಕೊನೆಗೆ ಒಂದು ಸ್ವರ ಭಾವವಿಲ್ಲದೆ ಸೈನಿಕರ ಹೆಸರುಗಳನ್ನು ಒಂದೊಂದಾಗಿ ಓದುವುದರಲ್ಲಿ ಮುಗಿಯುತ್ತದೆ. ಯುದ್ಧದಿಂದ ಬದುಕಿ ಬಂದ ಸಾರೋ ಹೊಸ ನಾಡೊಂದರಲ್ಲಿ ನೆಲೆ ನಿಂತು ಅವಳನ್ನು ಕರೆಸಿಕೊಳ್ಳುತ್ತಾನೆ. ಅವಳು ಬರುತ್ತಿದ್ದ ವಾಯುನೌಕೆ ಇಳಿಯುವ ಹೊತ್ತಿಗೆ, ಅವನ ಕಣ್ಣೆದುರಿನಲ್ಲೇ ಹೊತ್ತಿ ಉರಿಯುತ್ತದೆ. 1937ರ ಮೇ 6ರಂದು ನ್ಯೂಜೆರ್ಸಿಯ ಲೇಕ್‌ಹರ್ಸ್ಟ್‌ನಲ್ಲಿ ಸುಟ್ಟುಹೋಗಿ 36 ಜನರ ಸಾವಿಗೆ ಕಾರಣವಾದ ಹಿಂಡೆನ್‌ಬರ್ಗ್ ನೌಕೆಯ ನೆರಳು ಇಲ್ಲಿ ಸ್ಪಷ್ಟವಾಗಿದೆ. ಟೇಲರ್ ಅವರ ಗಿಟಾರ್ ಈ ಹಾಡಿನಲ್ಲಿ ಒಂದೇ ತುಣುಕನ್ನು ಬಿಡದೆ ಮತ್ತೆ ಮತ್ತೆ ಬಡಿಯುತ್ತದೆ. ನೋಡಲಾರದ್ದನ್ನು ನೋಡುತ್ತಲೇ ಇರಬೇಕಾದವನ ಅವಸ್ಥೆಯನ್ನು ಇದಕ್ಕಿಂತ ನೇರವಾಗಿ ಕೇಳಿಸಿದ ರಾಕ್ ಹಾಡನ್ನು ನಾನು ಕೇಳಿಲ್ಲ. ಅದರ ಬೆನ್ನಿಗೇ ಶವಯಾತ್ರೆಯ ಹಾಡು. ಇಲ್ಲಿ ಪೋವಿ ಸಿತಾರ್ ನುಡಿಸಿದ್ದಾರೆ. ಆ ದಶಕದ ಎಷ್ಟೋ ಇಂಗ್ಲಿಷ್ ತಂಡಗಳಿಗೆ ಸಿತಾರ್ ಮೋಜಿನ ಅಲಂಕಾರವಾಗಿತ್ತು. ಇಲ್ಲಿ ಅದು ನಿಧಾನವಾದ ಡ್ರಮ್ಮಿನ ಪಕ್ಕದಲ್ಲಿ ದುಃಖಕ್ಕೆ ದನಿಯಾಗುತ್ತದೆ. ತಟ್ಟೆಯ ಮೊದಲ ಬದಿ ಅಲ್ಲಿಗೆ ಮುಗಿಯುತ್ತದೆ.

ಎರಡನೆಯ ಬದಿಯಲ್ಲಿ ಹೊರಗಿನ ಲೋಕವೇ ಇಲ್ಲ. ಹೈಟಿಯ ವೋಡೂ ನಂಬಿಕೆಯಲ್ಲಿ ಸತ್ತವರ ಒಡೆಯನಾದ ಬ್ಯಾರನ್ ಸಮೆದಿಯನ್ನು ಹೋಲುವ ಪಾತ್ರವೊಂದು ಸಾರೋನನ್ನು ಅವನ ಮನಸ್ಸಿನ ಪಾತಾಳಕ್ಕೆ ಕರೆದೊಯ್ಯುತ್ತದೆ. ಕನ್ನಡಿಗಳ ನಡುವೆ ತನ್ನ ಬಾಲ್ಯವನ್ನೂ ಪ್ರೀತಿಯನ್ನೂ ಮತ್ತೆ ಕಂಡ ಅವನು ಜ್ಞಾನಿಯಾಗಿ ಮರಳುವುದಿಲ್ಲ. ಯಾರನ್ನೂ ನಂಬಲಾರದ ಮುದುಕನಾಗಿ ಉಳಿಯುತ್ತಾನೆ. ಮನಸ್ಸಿನ ಭ್ರಮಾಲೋಕವನ್ನು ನಾದದಲ್ಲಿ ಹಿಡಿಯಲೆತ್ನಿಸಿದ ಆ ಕಾಲದ ಸೈಕೆಡೆಲಿಕ್ ಸಂಗೀತ ಒಳಪಯಣದ ಕೊನೆಗೆ ಬೆಳಕನ್ನು ಕಾಣಿಸುವುದು ವಾಡಿಕೆಯಾಗಿದ್ದಾಗ, 24ರ ಹರೆಯದ ಫಿಲ್ ಮೇ ಮುಪ್ಪನ್ನೂ ಒಂಟಿತನವನ್ನೂ ದಿಟ್ಟಿಸಿ ನೋಡಿ, ಸಮಾಧಾನದ ಒಂದು ಮಾತನ್ನೂ ಸೇರಿಸದೆ ಕಥೆ ಮುಗಿಸಿದರು. ಈ ಆಲ್ಬಮ್ಮಿನ ನಿಜವಾದ ಹಿರಿಮೆ ಈ ಧೈರ್ಯದಲ್ಲಿದೆ ಎಂದು ನಾನು ನಂಬುತ್ತೇನೆ. ‘ಟಾಮಿ’ಯ ನಾಯಕ ಗುರುವಾಗಿ ಮೆರೆದು ಅನುಯಾಯಿಗಳನ್ನು ಕಳೆದುಕೊಳ್ಳುತ್ತಾನೆ, ಸಾರೋನ ಹಿಂದೆ ಯಾರೂ ಬರುವುದೇ ಇಲ್ಲ.

ಬಿಡುಗಡೆಯ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಬ್ರಿಟನ್ನಿನಲ್ಲಿ ಇದು ಅಂಗಡಿಗೆ ಬರುವ ಕೆಲವೇ ವಾರ ಮೊದಲು, ನವೆಂಬರ್ 22ರಂದು, ಬೀಟಲ್ಸ್‌ನ ಬಿಳಿ ಹೊದಿಕೆಯ ಜೋಡಿ ಆಲ್ಬಮ್ ಬಂದಿತ್ತು. ಅಮೆರಿಕದಲ್ಲಿ ಇದನ್ನು ಹೊರತಂದದ್ದು ಮೋಟೌನ್ ಸಂಸ್ಥೆಯ ಹೊಸ ಅಂಗವಾಗಿದ್ದ ರೇರ್ ಅರ್ತ್. ಅಲ್ಲಿ ಇದು ತಲುಪುವಷ್ಟರಲ್ಲಿ 1969ರ ಮೇ ತಿಂಗಳ ‘ಟಾಮಿ’ ಮನೆಮಾತಾಗಿತ್ತು. ಹಾಗಾಗಿ ಮೊದಲು ಹುಟ್ಟಿದ್ದು ಅಲ್ಲಿನವರ ಕಣ್ಣಿಗೆ ಅನುಕರಣೆಯಾಗಿ ಕಂಡಿತು. ಅದೇ ವರ್ಷ ಡಿಕ್ ಟೇಲರ್ ತಂಡ ಬಿಟ್ಟರು.

1998ರ ಸೆಪ್ಟೆಂಬರ್‌ನಲ್ಲಿ ತಂಡ ಮತ್ತೆ ಅಬ್ಬೆ ರೋಡಿನಲ್ಲಿ ಕೂಡಿ ಇಡೀ ಆಲ್ಬಮ್ಮನ್ನು ನುಡಿಸಿತು. ಅದು ಅಂತರ್ಜಾಲದಲ್ಲಿ ನೇರವಾಗಿ ಪ್ರಸಾರವಾಯಿತು. ಪಿಂಕ್ ಫ್ಲಾಯ್ಡ್‌ನ ಡೇವಿಡ್ ಗಿಲ್ಮೋರ್ ಗಿಟಾರಿಗೆ ಕೈಜೋಡಿಸಿದರು, ಇಂಗ್ಲಿಷ್ ರಾಕ್ ಗಾಯಕ ಆರ್ಥರ್ ಬ್ರೌನ್ ನಿರೂಪಕರಾಗಿ ಗದ್ಯದ ಭಾಗಗಳನ್ನು ಓದಿದರು. ಹೊದಿಕೆಯೊಳಗೆ ಅಚ್ಚಾಗಿ ಉಳಿದಿದ್ದ ಗದ್ಯ ಕೊನೆಗೂ ಹಾಡುಗಳ ನಡುವೆ ಕಿವಿಗೆ ಬಿತ್ತು. ಫಿಲ್ ಮೇ 2020ರ ಮೇ ತಿಂಗಳಲ್ಲಿ ತೀರಿಕೊಂಡರು.

ಆಲ್ಬಮ್ಮಿನಲ್ಲಿ ಸಡಿಲವಾದ ಜಾಗವೇ ಇಲ್ಲವೆಂದಲ್ಲ. ಎರಡನೆಯ ಬದಿಯ ನಡುವೆ ಬರುವ, ಬರೀ ಸದ್ದುಗಳಿಂದ ಕಟ್ಟಿದ ‘ವೆಲ್ ಆಫ್ ಡೆಸ್ಟಿನಿ’ ಸ್ಟುಡಿಯೋದ ಪ್ರಯೋಗವಾಗಿಯೇ ಉಳಿದಿದೆ, ಕಥೆಗೆ ಹೆಚ್ಚೇನನ್ನೂ ಕೊಡುವುದಿಲ್ಲ. ಕೊನೆಗೆ ಬರುವ ಎರಡು ಹಾಡುಗಳು ಆ ಕೊರತೆಯನ್ನು ತುಂಬಿಬಿಡುತ್ತವೆ: ಒಂದು ಅಕೌಸ್ಟಿಕ್ ಗಿಟಾರಿನ ಕಟುವಾದ ಹೊಡೆತಗಳ ಮೇಲೆ ಸಿಟ್ಟಿನಿಂದ ನುಗ್ಗುತ್ತದೆ, ಇನ್ನೊಂದು ಗಿಟಾರ್ ಮತ್ತು ಕಂಠವಷ್ಟೇ ಇರುವ ಪುಟ್ಟ ಹಾಡು. ಸ್ಟೀರಿಯೋ ಮತ್ತು ಮೊನೊ ಎರಡೂ ರೂಪಗಳು ಇಂದು ಸಿಗುತ್ತವೆ. ವಾದ್ಯಗಳೆಲ್ಲ ಒತ್ತಾಗಿ ಒಂದೇ ಕಡೆಯಿಂದ ಬಂದು ಎರಗುವ ಮೊನೊ ನನಗೆ ಹೆಚ್ಚು ಪ್ರಿಯ. ಹೊದಿಕೆಯ ಗದ್ಯವನ್ನು ಮುಂದಿಟ್ಟುಕೊಂಡು, ಹಾಡುಗಳ ಕ್ರಮವನ್ನು ತಪ್ಪಿಸದೆ, ಒಂದೇ ಕೂರಿಕೆಯಲ್ಲಿ ಕೇಳಿ. ಮುಕ್ಕಾಲು ಗಂಟೆಯೂ ಬೇಕಾಗುವುದಿಲ್ಲ.