ಹಲ್ಲುಜ್ಜಿದ ಮೇಲೆ ಬಾಯಿ ಮುಕ್ಕಳಿಸಬೇಕಾ? ಫ್ಲೋರೈಡ್ ಹಲ್ಲು ಕಾಯುವ ಬಗೆ

(ಸಿಂಕ್ ಮುಂದೆ ನಿರೂಪಕಿ. ಕೈಯಲ್ಲಿ ಬ್ರಷ್.)

ನಮಸ್ಕಾರ. ಹಲ್ಲುಜ್ಜಿದ ಕೂಡಲೇ ನೀವು ಏನು ಮಾಡುತ್ತೀರಿ? ಬಾಯಿ ತುಂಬಾ ನೀರು ತಗೊಂಡು, ನೊರೆ ಪೂರ್ತಿ ಹೋಗುವ ತನಕ ಮೂರ್ನಾಲ್ಕು ಸಲ ಮುಕ್ಕಳಿಸುತ್ತೀರಿ, ಅಲ್ವಾ? ನಾನೂ ವರ್ಷಗಟ್ಟಲೆ ಹಾಗೇ ಮಾಡಿದೆ. ಆ ನೀರಿನ ಜೊತೆ ಪೇಸ್ಟಿನಲ್ಲಿದ್ದ ಫ್ಲೋರೈಡ್ ಕೂಡ ಹೊರಟುಹೋಗುತ್ತದೆ. ಹಲ್ಲು ಹುಳುಕಾಗದಿರಲಿ ಅಂತಲೇ ಅದನ್ನು ಪೇಸ್ಟಿಗೆ ಹಾಕಿರುತ್ತಾರೆ.

(ಹಲ್ಲಿನ ಚಿತ್ರ. ನಿಧಾನವಾಗಿ ಹತ್ತಿರಕ್ಕೆ.)

ಹಲ್ಲಿಗೆ ಹುಳ ಹಿಡಿದಿದೆ ಅನ್ನುತ್ತೇವೆ. ಅಲ್ಲಿ ಹುಳ ಯಾವುದೂ ಇಲ್ಲ. ಇರುವುದು ಬ್ಯಾಕ್ಟೀರಿಯಾ. ನಾವು ತಿಂದ ಸಕ್ಕರೆ ಅವುಗಳಿಗೂ ಊಟ. ಅದನ್ನು ತಿಂದು ಅವು ಆಮ್ಲ ಬಿಡುತ್ತವೆ, ಅದೂ ಕೆಲವೇ ನಿಮಿಷಗಳಲ್ಲಿ.

ಹಲ್ಲಿನ ಮೇಲ್ಪದರ ಎನಾಮಲ್. ತೂಕದಲ್ಲಿ ಸುಮಾರು ಶೇ 96ರಷ್ಟು ಬರೀ ಖನಿಜ. ನಮ್ಮ ಮೈಯಲ್ಲಿ ಇದಕ್ಕಿಂತ ಗಟ್ಟಿಯಾದದ್ದು ಬೇರೆ ಇಲ್ಲ. ಆಮ್ಲ ಎಷ್ಟಿದೆ ಅಂತ ಅಳೆಯುವುದು ಪಿಎಚ್‌ನಲ್ಲಿ; ಅದು ಇಳಿದಷ್ಟೂ ಆಮ್ಲ ಜಾಸ್ತಿ. ಆದರೆ ಬಾಯಿಯ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಇಷ್ಟು ಗಟ್ಟಿ ಪದರವೂ ಕರಗಲು ಶುರುವಾಗುತ್ತದೆ. ಕ್ಯಾಲ್ಸಿಯಂ, ಫಾಸ್ಫೇಟ್ ಹೊರಗೆ ಬರುತ್ತವೆ. ಆಮೇಲೆ ಜೊಲ್ಲು ಆ ಆಮ್ಲವನ್ನು ತಗ್ಗಿಸುತ್ತದೆ, ಹೋದ ಖನಿಜವನ್ನು ಮೆಲ್ಲಗೆ ವಾಪಸ್ ತುಂಬುತ್ತದೆ. ಇದಕ್ಕೆ ಅರ್ಧ ಗಂಟೆಯೋ ಒಂದು ಗಂಟೆಯೋ ಬೇಕು. ಅಷ್ಟರಲ್ಲಿ ಇನ್ನೊಂದು ಬಿಸ್ಕತ್ತು ಬಾಯಿಗೆ ಬಿದ್ದರೆ ಮತ್ತೆ ಮೊದಲಿನಿಂದ.

ಹೋಗುವುದು ಜಾಸ್ತಿ, ಬರುವುದು ಕಡಿಮೆ ಆದಾಗ ಹುಳುಕು.

ಫ್ಲೋರೈಡ್ ಕೆಲಸ ಮಾಡುವುದು ಇಲ್ಲೇ. ಜೊಲ್ಲಿನಲ್ಲಿ ಅದು ಚೂರೇ ಚೂರು ಇದ್ದರೂ ಸಾಕು, ಖನಿಜ ವಾಪಸ್ ಕೂರುವ ಕೆಲಸ ಬೇಗ ಆಗುತ್ತದೆ. ಹಾಗೆ ಕೂತ ಹೊಸ ಪದರದೊಳಗೆ ಫ್ಲೋರೈಡೂ ಸೇರಿಕೊಳ್ಳುತ್ತದೆ. ಈ ಪದರ ಮೊದಲಿನದಕ್ಕಿಂತ ಗಟ್ಟಿಗ. ಫ್ಲೋರೈಡ್ ಸೇರಿದ ಈ ಬಗೆಯ ಖನಿಜಕ್ಕೆ ಫ್ಲೋರಪಟೈಟ್ ಅಂತ ಹೆಸರು. ಶುದ್ಧ ಫ್ಲೋರಪಟೈಟ್ ಕರಗಬೇಕಾದರೆ ಪಿಎಚ್ ಸುಮಾರು 4.5ಕ್ಕೆ ಇಳಿಯಬೇಕು.

(ಮುಂದಿನ ಹಲ್ಲಿನ ಹತ್ತಿರದ ಫೋಟೋ. ವಸಡಿನ ಅಂಚಿನಲ್ಲಿ ಬಿಳಿ ಮಚ್ಚೆ.)

ಇದನ್ನು ಸ್ವಲ್ಪ ನೋಡಿ. ವಸಡಿನ ಅಂಚಿಗೆ ಸೀಮೆಸುಣ್ಣ ತಾಗಿದ ಹಾಗೆ ಮಂಕು ಬಿಳಿ. ಹಲ್ಲು ಒದ್ದೆ ಇದ್ದಾಗ ಸರಿಯಾಗಿ ಕಾಣುವುದಿಲ್ಲ, ಒಣಗಿಸಿದರೆ ಎದ್ದು ಕಾಣುತ್ತದೆ. ಇದು ಹುಳುಕಿನ ಮೊದಲ ಗುರುತು. ತೂತು ಇನ್ನೂ ಬಿದ್ದಿಲ್ಲ. ಇಲ್ಲಿಂದ ಹಿಂದಕ್ಕೆ ಬರಬಹುದು, ಫ್ಲೋರೈಡ್ ಹೆಚ್ಚು ನೆರವಾಗುವುದೂ ಈ ಹಂತದಲ್ಲೇ. ತೂತು ಬಿದ್ದ ಮೇಲೆ ಯಾವ ಪೇಸ್ಟೂ ಅದನ್ನು ಮುಚ್ಚುವುದಿಲ್ಲ. ಮೂಳೆ ಮುರಿದರೆ ಕೂಡಿಕೊಳ್ಳುತ್ತದೆ, ಆದರೆ ಎನಾಮಲ್‌ನಲ್ಲಿ ಜೀವಕೋಶಗಳೇ ಇಲ್ಲ. ಆಗ ದಂತವೈದ್ಯರ ಹತ್ತಿರ ಹೋಗಲೇಬೇಕು.

(ಹಳೆಯ ಭೂಪಟ.)

ಫ್ಲೋರೈಡ್ ಹಲ್ಲು ಕಾಯುತ್ತದೆ ಅಂತ ಗೊತ್ತಾಗಿದ್ದು ಒಂದು ಕಲೆಯಿಂದ. 1901ರಲ್ಲಿ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್‌ಗೆ ಬಂದ ದಂತವೈದ್ಯ ಫ್ರೆಡರಿಕ್ ಮೆಕೇ ಅಲ್ಲಿನ ಜನರ ಹಲ್ಲಿನಲ್ಲಿ ಕಂದು ಕಲೆ ಕಂಡರು. ನೋಡಲು ಚೆನ್ನಾಗಿಲ್ಲ, ಆದರೆ ಹುಳುಕು ಕಡಿಮೆ. ನೀರಿನಲ್ಲಿದ್ದ ಫ್ಲೋರೈಡೇ ಕಾರಣ ಅಂತ ತಿಳಿಯಲು 1931 ಬರಬೇಕಾಯಿತು. 1945ರಲ್ಲಿ ಅಮೆರಿಕದ್ದೇ ಆದ ಗ್ರ್ಯಾಂಡ್ ರ‍್ಯಾಪಿಡ್ಸ್ ನಗರ ಕುಡಿಯುವ ನೀರಿಗೆ ಅದನ್ನು ಅಳತೆ ಮಾಡಿ ಬೆರೆಸಿತು. ಆಮೇಲೆ ಹುಟ್ಟಿದ ಮಕ್ಕಳಲ್ಲಿ ಹುಳುಕು ಶೇ 60ಕ್ಕಿಂತ ಜಾಸ್ತಿ ಇಳಿಯಿತು.

ಫ್ಲೋರೈಡ್ ಹೊಟ್ಟೆಗೆ ಹೋಗಿ, ಬೆಳೆಯುವ ಹಲ್ಲಿನೊಳಗೆ ಸೇರಬೇಕು ಅಂತ ಆಗ ನಂಬಿದ್ದರು. ಈಗ ಗೊತ್ತಿರುವುದು ಬೇರೆ. ಅದರ ಮುಖ್ಯ ಕೆಲಸ ಹೊರಗಿನಿಂದ, ಹಲ್ಲಿನ ಮೈಮೇಲೆ. ನುಂಗುವುದು ಬೇಡ, ಬಾಯಲ್ಲಿ ಉಳಿದರೆ ಆಯಿತು.

ನುಂಗಬಾರದು ಅನ್ನುವುದಕ್ಕೆ ಆ ಕಂದು ಕಲೆಯೇ ಸಾಕ್ಷಿ. ಹಲ್ಲು ಒಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಸುಮಾರು 8 ವರ್ಷದೊಳಗೆ, ಫ್ಲೋರೈಡ್ ಅತಿಯಾದರೆ ಹಲ್ಲಿನಲ್ಲಿ ಕಲೆ ಉಳಿಯುತ್ತದೆ. ನೀರಿನಲ್ಲಿ ತುಂಬಾ ಜಾಸ್ತಿ ಇದ್ದು, ವರ್ಷಗಟ್ಟಲೆ ಅದನ್ನೇ ಕುಡಿದರೆ ಮೂಳೆಗೂ ಪೆಟ್ಟು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ.

(ಎರಡು ಬ್ರಷ್, ಹತ್ತಿರದಿಂದ.)

3 ವರ್ಷದೊಳಗಿನ ಮಗುವಿಗೆ ಅಕ್ಕಿ ಕಾಳಿನಷ್ಟು ಪೇಸ್ಟ್ ಸಾಕು. 3ರಿಂದ 6ರವರೆಗೆ ಬಟಾಣಿ ಕಾಳಿನಷ್ಟು. ಜಾಹೀರಾತಿನಲ್ಲಿ ಕಾಣುವ ಹಾಗೆ ಬ್ರಷ್ ತುಂಬಾ ಹಾಕಬೇಡಿ, ಚಿಕ್ಕ ಮಕ್ಕಳು ಅದನ್ನು ನುಂಗುತ್ತಾರೆ. ದಯವಿಟ್ಟು ಪಕ್ಕದಲ್ಲೇ ನಿಂತು ಉಜ್ಜಿಸಿ. ದೊಡ್ಡವರು ಕೊಳ್ಳುವಾಗ ಟ್ಯೂಬಿನ ಹಿಂದೆ ನೋಡಿ. 1000ದಿಂದ 1500 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಇಷ್ಟು ಪಾಲು) ಫ್ಲೋರೈಡ್ ಇರಬೇಕು.

(ನಿರೂಪಕಿ ಹಲ್ಲುಜ್ಜಿ, ನೊರೆ ಉಗುಳುತ್ತಾರೆ. ನಲ್ಲಿ ತಿರುಗಿಸುವುದಿಲ್ಲ.)

ನೊರೆ ಚೆನ್ನಾಗಿ ಉಗುಳಿ, ನೀರು ಹಾಕಿ ಮುಕ್ಕಳಿಸಬೇಡಿ. ರಾತ್ರಿಯಂತೂ ಖಂಡಿತ ಬೇಡ. ನಿದ್ದೆಯಲ್ಲಿ ಜೊಲ್ಲು ತೀರಾ ಕಡಿಮೆ ಊರುತ್ತದೆ, ಹಲ್ಲಿಗೆ ಆಗ ಬೇರೆ ಕಾವಲಿಲ್ಲ. ಮೊದಮೊದಲು ಬಾಯೆಲ್ಲ ಅಂಟಂಟು ಅನಿಸುತ್ತದೆ. ನನಗೆ ಒಂದು ವಾರ ಹಾಗಿತ್ತು, ಆಮೇಲೆ ರೂಢಿಯಾಯಿತು.