ಆರ್ಟ್ ಗ್ಯಾಲರಿಯಲ್ಲಿ ಕಾನ್ಫರೆನ್ಸ್: ಸಾಂಬಾರ್ ಎಲ್ಲಿಡೋದು, ದೀಪ ಎಲ್ಲಿ ಹಚ್ಚೋದು?

[ತೆರೆಯ ಮೇಲೆ: ಬುಕಿಂಗ್ ಫಾರ್ಮಿನ ಹಿಂಬದಿ. ಷರತ್ತುಗಳು ಒಂದೊಂದಾಗಿ ಮೂಡುತ್ತವೆ.]

ದೀಪ ಹಚ್ಚುವಂತಿಲ್ಲ. ಗೋಡೆಗೆ ಟೇಪ್ ಅಂಟಿಸುವಂತಿಲ್ಲ. ರೆಡ್ ವೈನ್ ಇಲ್ಲ. ಹೂವಿನ ಅಲಂಕಾರಕ್ಕೆ ಮೊದಲೇ ಕೇಳಬೇಕು. ಚಿತ್ರಗಳಿರುವ ಕೋಣೆಗೆ ಕಾಫಿ ಕಪ್ ತರುವ ಹಾಗಿಲ್ಲ.

ಗ್ಯಾಲರಿಯಲ್ಲಿ ಒಂದು ಕಾರ್ಯಕ್ರಮ ಮಾಡೋಣ ಅಂತ ವಿಚಾರಿಸಲು ಹೋದರೆ ಸಾಮಾನ್ಯವಾಗಿ ಇಂಥದ್ದೊಂದು ಪಟ್ಟಿ ಕೈಗೆ ಬರುತ್ತದೆ. ಬಾಡಿಗೆ ಕೊಡೋರು ನಾವು, ಇವರದೇನಪ್ಪ ಇಷ್ಟು ಜಂಬ ಅಂತ ಅನಿಸುತ್ತದೆ, ಅಲ್ವಾ? ನಮಸ್ಕಾರ. ಇವತ್ತು ಆ ಪಟ್ಟಿಯನ್ನೇ ಹಿಡಿದು ಕೂರೋಣ. ಅದರಲ್ಲಿ ಜಂಬ ಕಡಿಮೆ, ವಿಜ್ಞಾನ ಜಾಸ್ತಿ.

[ದೃಶ್ಯ: ಕುಮಾರಕೃಪಾ ರಸ್ತೆ, ಚಿತ್ರಕಲಾ ಪರಿಷತ್ತಿನ ಗೇಟು]

ಬೆಂಗಳೂರಿನವರಿಗೆ ಗ್ಯಾಲರಿ ಬಾಡಿಗೆಗೆ ಸಿಗುವುದು ಹೊಸ ವಿಷಯವೇನಲ್ಲ. ಕರ್ನಾಟಕ ಚಿತ್ರಕಲಾ ಪರಿಷತ್ತಿಗೆ ಚಿತ್ರ ನೋಡಲು ಹೋದವರಿಗಿಂತ ಕೈಮಗ್ಗದ ಸೀರೆ ಮೇಳಕ್ಕೆ ಹೋದವರೇ ಹೆಚ್ಚಿರಬಹುದು ಅಂತ ನನಗೊಂದು ಅನುಮಾನ. ತಪ್ಪೇನಿಲ್ಲ. ಸೀರೆ ನೋಡಲು ಬಂದವರು ಪಕ್ಕದಲ್ಲೇ ರಷ್ಯಾ ಮೂಲದ ಕಲಾವಿದ ರೋರಿಕ್ ಅವರ ಚಿತ್ರಗಳಿವೆ ಅಂತ ತಿಳಿದು ಒಳಗೆ ಇಣುಕಿದರೆ ಅದೂ ಲಾಭವೇ.

ಹೊರದೇಶದ ದೊಡ್ಡ ಮ್ಯೂಸಿಯಂಗಳಲ್ಲಿ ಇದೊಂದು ಆದಾಯದ ದಾರಿ. ಬ್ರಿಟನ್ನಿನ ರಾಷ್ಟ್ರೀಯ ಮ್ಯೂಸಿಯಂಗಳಲ್ಲಿ 2001ರಿಂದ ಕಾಯಂ ಸಂಗ್ರಹ ನೋಡಲು ಟಿಕೆಟ್ ಇಲ್ಲ. ಸರ್ಕಾರದ ಅನುದಾನವೊಂದರಲ್ಲೇ ಖರ್ಚು ತೂಗುವುದಿಲ್ಲ. ಹಾಗಾಗಿ ಅಂಗಡಿ, ಕೆಫೆ, ವಿಶೇಷ ಪ್ರದರ್ಶನಗಳ ಟಿಕೆಟ್ ಜೊತೆಗೆ ಸಂಜೆ ಹೊತ್ತು ಹಾಲ್ ಬಾಡಿಗೆಗೆ ಕೊಡುವುದೂ ಸೇರಿಕೊಂಡಿದೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ದೇಣಿಗೆ ಎತ್ತಲು ನಡೆಸುವ ಮೆಟ್ ಗಾಲಾ ಔತಣ ಗೊತ್ತಲ್ಲ, 1948ರಲ್ಲಿ ಶುರುವಾಗಿದ್ದು? ರೀಲ್ಸ್‌ನಲ್ಲಿ ನಾವು ನೋಡುವುದು ಮೆಟ್ಟಿಲ ಮೇಲಿನ ಗೌನುಗಳನ್ನು ಮಾತ್ರ. ಒಳಗೆ ಎಷ್ಟೋ ಸಲ ಊಟ ನಡೆದಿರುವುದು ಸುಮಾರು 2,000 ವರ್ಷ ಹಳೆಯ ಡೆಂಡೂರ್ ದೇವಸ್ಥಾನ ಇರುವ ಹಾಲ್‌ನಲ್ಲಿ. ಅಸ್ವಾನ್ ಅಣೆಕಟ್ಟಿನ ನೀರಿಗೆ ಮುಳುಗಬೇಕಿದ್ದ ಗುಡಿ ಅದು. ಈಜಿಪ್ಟ್ ಅದನ್ನು ಅಮೆರಿಕಕ್ಕೆ ಕೊಟ್ಟಿತು. 600ಕ್ಕೂ ಹೆಚ್ಚು ಕಲ್ಲುಗಳನ್ನು ಬಿಚ್ಚಿ, ಹಡಗಲ್ಲಿ ಸಾಗಿಸಿ, ಮತ್ತೆ ಜೋಡಿಸಿದರು. 1978ರಲ್ಲಿ ಜನರಿಗೆ ತೆರೆಯಿತು.

ಕಲ್ಲಿನ ಗುಡಿಯ ಮುಂದೆ ಊಟದ ಮೇಜು ಹಾಕಬಹುದು. ಕಾಗದ, ಬಟ್ಟೆ, ಮರದ ಹಲಗೆ ಮೇಲೆ ಬರೆದ ಚಿತ್ರದ ಕಥೆ ಬೇರೆ.

[ಗ್ರಾಫಿಕ್: ಖಾಲಿ ಕೋಣೆ. ಜನ ತುಂಬುತ್ತಾ ಹೋದ ಹಾಗೆ ಬಣ್ಣ ಕೆಂಪಾಗುತ್ತದೆ.]

ಮೊದಲ ಸಮಸ್ಯೆ ನಾವೇ. ಸುಮ್ಮನೆ ಕುಳಿತ ಒಬ್ಬ ಮನುಷ್ಯನ ಮೈಯಿಂದ ಸುಮಾರು 100 ವ್ಯಾಟ್ ಶಾಖ ಹೊರಬರುತ್ತದೆ. 200 ಜನ ಕೂತರೆ 20 ಕಿಲೋವ್ಯಾಟ್. ಅಂದರೆ ಬಚ್ಚಲುಮನೆಯ 10 ಗೀಸರ್‌ಗಳನ್ನು ಒಂದೇ ಕೋಣೆಯಲ್ಲಿಟ್ಟು ಸ್ವಿಚ್ ಹಾಕಿದ ಹಾಗೆ. ಜೊತೆಗೆ ಉಸಿರು, ಬೆವರಿನ ತೇವ. ಒಬ್ಬರಿಂದ ಗಂಟೆಗೆ ಸುಮಾರು 50 ಗ್ರಾಂ ಅಂತ ಹಿಡಿದರೂ 200 ಜನರಿಂದ ಗಂಟೆಗೆ 10 ಲೀಟರ್ ನೀರು ಗಾಳಿಗೆ ಸೇರುತ್ತದೆ. ಗಾಳಿಯ ತೇವ ಶೇಕಡ 50ರ ಆಸುಪಾಸಿನಲ್ಲಿ ಏರುಪೇರಿಲ್ಲದೆ ಇರಲಿ ಅಂತ ಗ್ಯಾಲರಿಯವರು ದಿನವಿಡೀ ಯಂತ್ರ ಓಡಿಸುತ್ತಾರೆ. ತೇವ ಏರಿದರೆ ಮರ ಉಬ್ಬುತ್ತದೆ, ಇಳಿದರೆ ಕುಗ್ಗುತ್ತದೆ. ಅದರ ಮೇಲಿನ ಹಳೇ ಬಣ್ಣಕ್ಕೆ ಆ ಹಿಗ್ಗಾಟ ಕುಗ್ಗಾಟ ತಡೆಯುವ ಶಕ್ತಿ ಇರುವುದಿಲ್ಲ. ಬಿರುಕು ಬಿಡುತ್ತದೆ, ಆಮೇಲೆ ಚಕ್ಕೆ ಏಳುತ್ತದೆ.

ಇದು ಪುಸ್ತಕದ ಬದನೆಕಾಯಿ ಅಂದುಕೊಳ್ಳಬೇಡಿ. ವ್ಯಾಟಿಕನ್ನಿನ ಸಿಸ್ಟೀನ್ ಚಾಪೆಲ್ ಅನ್ನುವ ಪ್ರಾರ್ಥನಾ ಮಂದಿರದ ಚಾವಣಿಯ ಚಿತ್ರಗಳನ್ನು ಮೈಕೆಲ್ಯಾಂಜೆಲೊ 1508ರಿಂದ 1512ರವರೆಗೆ ಬರೆದ. ಅದನ್ನು ನೋಡಲು ವರ್ಷಕ್ಕೆ ಲಕ್ಷಾಂತರ ಜನ ಬರಲು ಶುರುವಾದ ಮೇಲೆ, 2010ರ ಹೊತ್ತಿಗೆ ಚಿತ್ರಗಳ ಮೇಲೆ ಅಲ್ಲಲ್ಲಿ ಬಿಳಿ ಪುಡಿಯಂಥದ್ದು ಕಾಣಿಸಿತು. ಜನರ ಉಸಿರಿನ ಇಂಗಾಲದ ಡೈ ಆಕ್ಸೈಡ್, ತೇವ ಎರಡೂ ಸೇರಿ ಆದ ಕೆಲಸ. 2014ರಲ್ಲಿ ಹೊಸ ಹವಾನಿಯಂತ್ರಣ ವ್ಯವಸ್ಥೆ ಹಾಕಿದರು.

ಈಗ ತಮಾಷೆ ಕೇಳಿ. ಅದೇ 2014ರ ಅಕ್ಟೋಬರ್‌ನಲ್ಲಿ ಅದೇ ಚಾಪೆಲ್‌ನಲ್ಲಿ ಪೋರ್ಷೆ ಕಾರು ಕಂಪನಿಯ ಪ್ರವಾಸಿ ಕ್ಲಬ್ಬಿನ ಸುಮಾರು 40 ಜನರಿಗಾಗಿ ಒಂದು ಸಂಗೀತ ಕಛೇರಿ ನಡೆಯಿತು. ಆ ಪ್ರವಾಸದ ಪ್ಯಾಕೇಜ್ ತಲೆಗೆ 5,000 ಯೂರೋ ಹತ್ತಿರ. ಹಣ ದಾನಧರ್ಮಕ್ಕೆ ಹೋಗುತ್ತದೆ, ಚಾಪೆಲ್ ಬಾಡಿಗೆಗೆ ಕೊಡುವ ಜಾಗವಲ್ಲ ಅಂತ ವ್ಯಾಟಿಕನ್ ಹೇಳಿತು. ಸರಿ, 40 ಜನರ ಉಸಿರು ಗೋಡೆಗೇನೂ ಭಾರವಲ್ಲ. ದಿನಕ್ಕೆ ಸಾವಿರಾರು ಜನ ಬರುವ ಜಾಗ ಅದು. ಆದರೂ ನೋಡಿದವರಿಗೆ ಕಸಿವಿಸಿ ಆಗಿದ್ದು ನಿಜ. ಆ ಮಾತಿಗೆ ಆಮೇಲೆ ಬರುತ್ತೇನೆ.

[ದೃಶ್ಯ: ಲಕ್ಸ್ ಮೀಟರ್ ಕೈಯಲ್ಲಿ. ಅಂಕಿ 48ರಿಂದ 520ಕ್ಕೆ ಏರುತ್ತದೆ.]

ಎರಡನೆಯದು ಬೆಳಕು. ಕಲಾವಿದ ಕೆ. ವೆಂಕಟಪ್ಪನವರ ಊಟಿ, ಕೊಡೈಕೆನಾಲ್ ಜಲವರ್ಣ ಚಿತ್ರಗಳು ನೆನಪಿವೆಯಾ? ಮಂಜು, ಬೆಟ್ಟ, ತೆಳು ನೀಲಿ. ಇಂಥ ಜಲವರ್ಣಕ್ಕೆ ಮ್ಯೂಸಿಯಂಗಳು ಕೊಡುವ ಬೆಳಕು ಸುಮಾರು 50 ಲಕ್ಸ್. ಲಕ್ಸ್ ಅಂದರೆ ಒಂದು ಜಾಗಕ್ಕೆ ಬೀಳುವ ಬೆಳಕಿನ ಅಳತೆ. ತೈಲವರ್ಣಕ್ಕೆ 200ರ ಆಸುಪಾಸು. ನಮ್ಮ ಆಫೀಸಿನ ಮೀಟಿಂಗ್ ರೂಮಿನಲ್ಲಿ 300ರಿಂದ 500 ಇರುತ್ತದೆ. ಬಣ್ಣ ಮಾಸುವುದು ಬಿದ್ದ ಒಟ್ಟು ಬೆಳಕಿನ ಲೆಕ್ಕದಲ್ಲಿ. 500 ಲಕ್ಸ್‌ನಲ್ಲಿ 1 ಗಂಟೆ ಇಟ್ಟರೂ ಒಂದೇ, 50 ಲಕ್ಸ್‌ನಲ್ಲಿ 10 ಗಂಟೆ ಇಟ್ಟರೂ ಒಂದೇ. ಮಾಸಿದ ಬಣ್ಣ ವಾಪಸ್ ಬರುವುದಿಲ್ಲ. ವಿಡಿಯೋದವರು ಎರಡು ದೊಡ್ಡ ಲೈಟ್ ಹಾಕಿ ಇಡೀ ದಿನ ಭಾಷಣ ಶೂಟ್ ಮಾಡುತ್ತೇವೆ ಅಂದಾಗ ಗ್ಯಾಲರಿಯವರ ಮುಖ ಯಾಕೆ ಸಪ್ಪಗಾಗುತ್ತದೆ ಅಂತ ಈಗ ಗೊತ್ತಾಯಿತಲ್ಲ.

ಇನ್ನು ಊಟ. ನನಗೆ ತುಂಬಾ ಇಷ್ಟವಾದ ಭಾಗ ಇದೇ.

ವಿದೇಶದವರ ಷರತ್ತುಗಳಲ್ಲಿ ರೆಡ್ ವೈನ್ ಮೇಲೆ ಸಿಟ್ಟು ಜಾಸ್ತಿ. ಕಲೆ ಹೋಗುವುದಿಲ್ಲ ಅಂತ. ನಮ್ಮ ಕಡೆ ಹೆದರಬೇಕಾದ್ದು ಅರಿಶಿನಕ್ಕೆ. ಸಾಂಬಾರ್, ಪಲ್ಯ, ಚಿತ್ರಾನ್ನದ ಎಣ್ಣೆ ಮೆತ್ತಿದ ಕೈ. ಬಿಳಿ ಗೋಡೆಗೆ ಅಂಥ ಒಂದು ಬೆರಳು ತಾಗಿದರೆ ಸಾಕು. ಬಫೆಯಲ್ಲಿ ಪಾತ್ರೆ ಬಿಸಿಯಾಗಿಡಲು ಅಡಿಯಲ್ಲಿ ಸಣ್ಣ ಡಬ್ಬಿ ಉರಿಸುತ್ತಾರಲ್ಲ, ಅದೂ ಬೆಂಕಿಯೇ. ಹಾಗಾಗಿ ಅಡುಗೆ ಹೊರಗೆ ಆಗಬೇಕು, ಕರೆಂಟಿನಲ್ಲಿ ಬಿಸಿಯಾಗುವ ಪಾತ್ರೆಯಲ್ಲಿ ಬರಬೇಕು, ಊಟ ಅಂಗಳದಲ್ಲೋ ಕೆಫೆಯಲ್ಲೋ ನಡೆಯಬೇಕು. ಅರಿಶಿನದ ಕಲೆಗಿಂತ ದೊಡ್ಡ ತಲೆನೋವು ನೆಲಕ್ಕೆ ಬಿದ್ದ ಬೋಂಡಾ ಚೂರು. ಅದಕ್ಕೆ ಇರುವೆ, ಜಿರಳೆ ಬರುತ್ತವೆ. ಜಿರಳೆಗೆ ಬೋಂಡಾ ಮುಗಿದ ಮೇಲೆ ಕಾಗದ, ಅಂಟು ಎಲ್ಲವೂ ಊಟವೇ. ಹೂವಿನ ಹಾರದ ಜೊತೆ ಬರುವ ಸಣ್ಣ ಹುಳಗಳ ಭಯವೂ ಇದೇ ಥರದ್ದು.

ದೀಪದ ವಿಷಯ ಸ್ವಲ್ಪ ನಾಜೂಕು. ದೀಪ ಬೆಳಗದೆ ನಮ್ಮಲ್ಲಿ ಉದ್ಘಾಟನೆ ಆಗುತ್ತದೆಯೇ? ಐದು ಬತ್ತಿಯ ಎಣ್ಣೆ ದೀಪ, ಸುತ್ತ ರೇಷ್ಮೆ ಸೀರೆ, ಮೇಲೆ ಹೊಗೆ ಪತ್ತೆಹಚ್ಚುವ ಸೆನ್ಸರ್. ಅದು ಕೂಗಿಕೊಂಡರೆ ಕಾರ್ಯಕ್ರಮ ನಿಂತಿತು. ಬೆಂಕಿಯೇ ಹೊತ್ತಿಕೊಂಡು, ಆ ಶಾಖಕ್ಕೆ ಚಾವಣಿಯ ಸ್ಪ್ರಿಂಕ್ಲರ್‌ನಿಂದ ನೀರು ಚಿಮ್ಮಿದರೆ ಚಿತ್ರಗಳ ಗತಿ ಮುಗಿಯಿತು. ಗಿಡಕ್ಕೆ ನೀರೆರೆದು ಉದ್ಘಾಟನೆ ಮಾಡೋಣ ಅಂತ ಯಾರಾದರೂ ಹೇಳುತ್ತಾರೆ. ಅಲ್ಲಿಗೆ ಬೆಂಕಿ ಹೋಗಿ ನೀರು ಬಂತು! ನನ್ನ ಸಲಹೆ: ದೀಪವನ್ನು ಹೊರಗೆ, ಆಕಾಶದ ಕೆಳಗೆ ಹಚ್ಚಿ. ಅತಿಥಿಗಳು ಅಲ್ಲಿಂದ ಒಳಗೆ ನಡೆದು ಬರಲಿ. ಡೊಳ್ಳು ಕುಣಿತ ಇದ್ದರೆ ಅದೂ ಅಲ್ಲೇ ಇರಲಿ. ಜೋರು ಸದ್ದಿಗೆ ಚೌಕಟ್ಟುಗಳು ನಡುಗುತ್ತವೆ.

[ದೃಶ್ಯ: ಕಟ್ಟಡದ ನಕ್ಷೆ. ಅಂಗಳ, ಆಡಿಟೋರಿಯಂ, ಚಿತ್ರಗಳ ಕೋಣೆಗಳು ಬೇರೆ ಬೇರೆ ಬಣ್ಣದಲ್ಲಿ.]

ಹಾಗಾದರೆ ಯಾವ ಜಾಗ ಕೇಳಬೇಕು? ಆಡಿಟೋರಿಯಂ, ಲಾಬಿ, ಅಂಗಳ. ಚಿತ್ರಗಳ ಕೋಣೆಯನ್ನು ಕೇಳಬೇಡಿ. ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿ 2009ರಲ್ಲಿ ತೆರೆದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯನ್ನು ನೋಡಿ. ಆಡಿಟೋರಿಯಂ ಬೇರೆ, ಮರಗಳಿರುವ ದೊಡ್ಡ ಅಂಗಳ ಬೇರೆ. ಕಸ್ತೂರ್ಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಮ್ಯಾಪ್, ಅಂದರೆ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿಯಲ್ಲೂ ಆಡಿಟೋರಿಯಂ, ಕೆಫೆ ಇವೆ. ಭಾಷಣ, ಊಟ ಇಂಥ ಜಾಗದಲ್ಲಿ ಆಗಲಿ. ಮಧ್ಯೆ ಒಂದು ಗಂಟೆ ಬಿಡುವು ಇಟ್ಟು, 20 ಜನರ ಗುಂಪು ಮಾಡಿ, ಬ್ಯಾಗು, ಲೋಟ ಕೆಳಗಿಟ್ಟು ಚಿತ್ರ ನೋಡಲು ಕಳಿಸಿ.

ಲೋಟ ಕೆಳಗಿಡಿ ಅಂದಿದ್ದಕ್ಕೆ ಕಾರಣ ಇದೆ. 2015ರಲ್ಲಿ ತೈವಾನಿನ ತೈಪೆಯ ಪ್ರದರ್ಶನವೊಂದರಲ್ಲಿ 12 ವರ್ಷದ ಹುಡುಗನೊಬ್ಬ ಎಡವಿದ. ಕೈಯಲ್ಲಿ ಡ್ರಿಂಕ್ ಇತ್ತು. ಬೀಳುವಾಗ ಆಸರೆಗೆ ಕೈ ಚಾಚಿದ್ದು ನೇರ ಕ್ಯಾನ್ವಾಸಿನ ಮೇಲೆ. ಇಟಲಿಯ ಪಾವ್ಲೊ ಪೋರ್ಪೊರಾನದು ಎಂದು ಪ್ರದರ್ಶಿಸಿದ್ದ 17ನೇ ಶತಮಾನದ ಹೂವಿನ ಚಿತ್ರದಲ್ಲಿ ಮುಷ್ಟಿಯಷ್ಟು ತೂತು. ಆ ಸಿಸಿಟಿವಿ ದೃಶ್ಯವನ್ನು ಜಗತ್ತೇ ನೋಡಿತು. ವಿಮೆ ಇತ್ತು, ಹುಡುಗನ ಮನೆಯವರಿಂದ ಹಣ ಕೇಳಲಿಲ್ಲ. ನಿಮ್ಮ ಕಾರ್ಯಕ್ರಮಕ್ಕೆ ವಿಮೆ ಯಾರು ಮಾಡಿಸಬೇಕು ಅನ್ನುವುದು ಕರಾರಿನಲ್ಲಿ ಸ್ಪಷ್ಟವಾಗಿ ಬರೆದಿರಲಿ. ಬಾಯಿಮಾತು ಬೇಡ.

ಈಗ ಚಾಪೆಲ್ ಕಛೇರಿಯ ಆ ಕಸಿವಿಸಿಯ ಮಾತು. ಸಂಜೆ ಬಾಗಿಲು ಮುಚ್ಚಿದ ಮೇಲೆ ಬಾಡಿಗೆಗೆ ಕೊಟ್ಟರೆ ನನ್ನ ತಕರಾರಿಲ್ಲ. ಆದರೆ ಶನಿವಾರ ಮಧ್ಯಾಹ್ನ, ಮಂಡ್ಯದಿಂದ ಬಸ್ ಹಿಡಿದು ಬಂದ ಚಿತ್ರಕಲಾ ವಿದ್ಯಾರ್ಥಿಗೆ "ಇವತ್ತು ಖಾಸಗಿ ಕಾರ್ಯಕ್ರಮ, ನಾಳೆ ಬನ್ನಿ" ಅಂದರೆ ಅದು ತಪ್ಪು. ಜನರ ದುಡ್ಡಿನಲ್ಲಿ ನಡೆಯುವ ಗ್ಯಾಲರಿಯಾದರೆ ಇನ್ನೂ ತಪ್ಪು. ಬುಕ್ ಮಾಡುವಾಗ ನೀವೇ ಕೇಳಿ: ನಮ್ಮ ಕಾರ್ಯಕ್ರಮದಿಂದ ಅವತ್ತು ಯಾವ ಕೋಣೆ ಮುಚ್ಚುತ್ತದೆ? ಉತ್ತರ "ಎಲ್ಲವೂ" ಅಂತಾದರೆ ತಾರೀಖು ಬದಲಿಸಿ. ಸಾಧ್ಯವಾದರೆ ವಾರದ ರಜೆಯ ದಿನ ಕೇಳಿ, ಎಷ್ಟೋ ಗ್ಯಾಲರಿಗಳು ಸೋಮವಾರ ಮುಚ್ಚಿರುತ್ತವೆ.

ಕೊನೆಗೆ ಸಮಯದ ಲೆಕ್ಕ. ಕಲ್ಯಾಣ ಮಂಟಪದ ಹಾಗೆ ಹಿಂದಿನ ರಾತ್ರಿಯೇ ಹೋಗಿ ಸ್ಟೇಜ್ ಕಟ್ಟಲು ಇಲ್ಲಿ ಆಗುವುದಿಲ್ಲ. ಜನ ಹೋದ ಮೇಲೆ ಸಾಮಾನು ಒಳಗೆ, ಬೆಳಗ್ಗೆ ಜನ ಬರುವ ಮೊದಲು ಎಲ್ಲ ಹೊರಗೆ. ತಾನೇ ನಿಲ್ಲುವ ಬ್ಯಾನರ್ ತನ್ನಿ, ಮೊಳೆ, ಟೇಪ್ ಮರೆತುಬಿಡಿ. ಲಾರಿ ಎಲ್ಲಿ ನಿಲ್ಲುತ್ತದೆ, ಲಿಫ್ಟ್ ಎಷ್ಟು ಅಗಲ ಇದೆ ಅಂತ ಮೊದಲೇ ಹೋಗಿ ಅಳತೆ ತಗೊಳ್ಳಿ. ರಾತ್ರಿ ಪಾಳಿಯ ಸೆಕ್ಯುರಿಟಿ, ಕ್ಲೀನಿಂಗ್ ಸಿಬ್ಬಂದಿಯ ಓವರ್‌ಟೈಮ್ ಬಾಡಿಗೆಯಲ್ಲಿ ಸೇರಿದೆಯಾ ಅಂತ ಡೆಪಾಸಿಟ್ ಕಟ್ಟುವ ಮುಂಚೆಯೇ ಕೇಳಿ. ಬಿಲ್ ನೋಡಿ ಬೆಚ್ಚಿಬೀಳುವುದು ಸಾಮಾನ್ಯವಾಗಿ ಅಲ್ಲೇ.